ಬಾವಿಯ ನೀರು, ಬೆಳ್ಳಿಯ ಬಟ್ಟಲು

ಸಾಗರದ ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿರುವ ನನ್ನ ಕನ್ನಡಕದ ಅಂಗಡಿಗೆ ಕಾಂಟ್ಯಾಕ್ಟ್ ಲೆನ್ಸ್ ಬೇಕೆಂದು ಬಂದವರು ಬೇಗ ಮನೆಗೆ ಹೋಗುವ ಆಸೆ ಬಿಡಬೇಕು. ಲೆನ್ಸ್ ಹಾಕುವುದನ್ನೂ ತೆಗೆಯುವುದನ್ನೂ ಕಲಿಸಲು ಅರ್ಧ ಗಂಟೆ ಸಾಕು. ಅದಾದ ಮೇಲೆ ನನ್ನ ಪ್ರಶ್ನೆಗಳು ಶುರುವಾಗುತ್ತವೆ. ಕೈ ಯಾವುದರಲ್ಲಿ ತೊಳೀತೀರಿ? ತೊಳೆದ ಮೇಲೆ ಒರೆಸ್ಕೊಳ್ತೀರಾ, ಒದ್ದೆ ಬೆರಳಲ್ಲೇ ಮುಟ್ತೀರಾ? ಡಬ್ಬಿಯಲ್ಲಿರೋ ನಿನ್ನೆಯ ಸೊಲ್ಯೂಷನ್ ಚೆಲ್ತೀರಾ, ಅದರ ಮೇಲೇ ಇನ್ನಷ್ಟು ಸುರೀತೀರಾ? ಸ್ನಾನಕ್ಕೆ ಹೋಗುವಾಗ ಲೆನ್ಸ್ ಎಲ್ಲಿರುತ್ತೆ? ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಅಡ್ಡಾಗುವಾಗ? ತಪ್ಪು ಉತ್ತರ ಕೊಟ್ಟವರಿಗೆ ಮತ್ತೆ ಮೊದಲಿನಿಂದ ಪಾಠ.

ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು, ಗೆಳತಿಯರ ಜೊತೆ ಸಿಗಂದೂರಿಗೆ ಹೋಗಿ ಬಂದವಳು, ಹೊಳೆಬಾಗಿಲಿನಲ್ಲಿ ಹಿನ್ನೀರಿಗೆ ಇಳಿದು ಲೆನ್ಸ್ ಹಾಕಿಕೊಂಡೇ ಮುಖ ತೊಳೆದೆ ಎಂದು ನಗುತ್ತಾ ಹೇಳಿದಳು. ನಾನು ಕೂಗಿದ ಕೂಗಿಗೆ ಪಕ್ಕದ ಔಷಧಿ ಅಂಗಡಿಯವರು ಎದ್ದು ಬಂದರು. ಹುಡುಗಿ ಅತ್ತೇಬಿಟ್ಟಳು. ಅವಳ ಲೆನ್ಸ್ ತೆಗೆಸಿ ಕಸದ ಬುಟ್ಟಿಗೆ ಹಾಕಿದೆ, ಡಬ್ಬಿಯನ್ನೂ ಹಾಕಿದೆ, ಕಣ್ಣು ಕೆಂಪಾದರೆ ಒಂದು ದಿನವೂ ಕಾಯದೆ ಡಾಕ್ಟರ ಹತ್ತಿರ ಹೋಗು ಎಂದು ಹೇಳಿ ಹೊಸ ಜೊತೆ ಕೊಟ್ಟು ಕಳಿಸಿದೆ. “ನೀವು ಲೆನ್ಸ್ ಮಾರ್ತೀರೋ, ಜನರನ್ನ ಹೆದರಿಸ್ತೀರೋ ಮೇಡಂ?” ಎಂದು ಔಷಧಿ ಅಂಗಡಿಯವರು ಕೇಳಿದರು. ಹೆದರಿಸುವುದೇ ನನ್ನ ಕಸುಬು ಎಂದು ನಕ್ಕೆ.

ನಕ್ಕು ಒಳಗೆ ಬಂದು ಕೂತೆ. ಇಷ್ಟು ದೊಡ್ಡ ಗಂಟಲು ಇರುವವಳು ಆ ಒಂದು ಸಂಜೆ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳಿಕೊಂಡೆ. ದಿನಾ ಕೇಳಿಕೊಳ್ಳುತ್ತೇನೆ. ನೀರು ಬೇಡ ಎಂಬ ಎರಡು ಪದವನ್ನು ಸಿಕ್ಕಸಿಕ್ಕವರಿಗೆಲ್ಲ ಕೂಗಿ ಹೇಳುವ ನಾನು, ಹೇಳಲೇಬೇಕಾಗಿದ್ದ ಒಬ್ಬನಿಗೆ ಆ ಸಂಜೆ ಹೇಳಲಿಲ್ಲ. ಅವನು ನನ್ನ ಒಡಹುಟ್ಟಿದ ತಮ್ಮ. ಅವನ ಬಲಗಣ್ಣು ಬೆಳ್ಳಗಾಗಿ ಎರಡು ವರ್ಷವಾಯಿತು.

ನಮ್ಮ ತವರು ಇರುವುದು ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ. ಮನೆಗೆ ಹತ್ತಿಕೊಂಡಂತೆ ಒಂದು ಚಿಕ್ಕ ದೇವಿಯ ಗುಡಿ, ಗುಡಿಗೊಂದು ಬಾವಿ. ಪೂಜೆ ಅಪ್ಪಯ್ಯನದಾಗಿತ್ತು. ಅವರ ಮಂಡಿ ಕೈಕೊಟ್ಟ ಮೇಲೆ ತಮ್ಮನಿಗೆ ಬಂತು. ಮಂತ್ರ ಚೆನ್ನಾಗಿ ಬರುತ್ತಿತ್ತು, ಅಲಂಕಾರದಲ್ಲಿ ಕೈ ಪಳಗಿತ್ತು, ಕಷ್ಟವಾದದ್ದು ಕನ್ನಡಕದಿಂದ. ಮೈನಸ್ ಎಂಟು ಪವರು, ದಪ್ಪ ಗಾಜು. ಒದ್ದೆ ಮೈಯಲ್ಲಿ ದೀಪಗಳ ಮಧ್ಯೆ ನಿಂತರೆ ಗಾಜಿನ ತುಂಬ ಹಬೆ ಕಟ್ಟುತ್ತಿತ್ತು. ಬಗ್ಗಿದರೆ ಮೂಗಿನಿಂದ ಜಾರುತ್ತಿತ್ತು. ಒಂದು ದಿನ ಸೀದಾ ಪಂಚಾಮೃತದ ಪಾತ್ರೆಗೇ ಬಿತ್ತಂತೆ. ಬಂದವರು ನಕ್ಕರು, ಅವನೂ ನಕ್ಕ. ಅವತ್ತಿನಿಂದ ಕನ್ನಡಕ ಹೊರಗೆ ತೆಗೆದಿಟ್ಟು ಗರ್ಭಗುಡಿಯೊಳಗೆ ಹೋಗತೊಡಗಿದ. ದೇವಿಯ ಹಣೆ ಎಲ್ಲಿ, ಪಾದ ಎಲ್ಲಿ ಎಂಬುದೆಲ್ಲ ಅವನಿಗೆ ಕೈಯ ಅಂದಾಜು.

ಅಂಥವನಿಗೆ ಲೆನ್ಸ್ ಹಾಕಿಕೊಳ್ಳೋ ಎಂದು ದುಂಬಾಲು ಬಿದ್ದವಳು ನಾನೇ. ಅಕ್ಕ ಕಣ್ಣಿನ ಅಂಗಡಿ ಇಟ್ಟುಕೊಂಡು ತಮ್ಮ ಕುರುಡನ ಹಾಗೆ ತಡವಿಕೊಂಡು ಪೂಜೆ ಮಾಡುವುದು ನನಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಕಣ್ಣಿನ ಡಾಕ್ಟರಲ್ಲಿ ಅಳತೆ ತೆಗೆಸಿ, ಅಂಗಡಿಯಲ್ಲಿ ಕೂರಿಸಿ, ಒಂದು ಮಧ್ಯಾಹ್ನವೆಲ್ಲ ಕಲಿಸಿದೆ. ಅಂಗೈಯಲ್ಲಿಟ್ಟು ಸೊಲ್ಯೂಷನ್ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಬೇಕು, ಮತ್ತೆ ಸೊಲ್ಯೂಷನ್ನಿನಲ್ಲೇ ತೊಳೆಯಬೇಕು. ಡಬ್ಬಿಯನ್ನು ಕವುಚಿಟ್ಟು ಒಣಗಿಸಬೇಕು, ಮೂರು ತಿಂಗಳಿಗೊಮ್ಮೆ ಎಸೆದು ಹೊಸದು ತೆಗೆದುಕೊಳ್ಳಬೇಕು. ಸಂಧ್ಯಾವಂದನೆ ಕಲಿತವನಿಗೆ ಇದೆಲ್ಲ ಯಾವ ಲೆಕ್ಕ! ನಾನು ಕಲಿಸಿದವರಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದವರು ಇನ್ನೊಬ್ಬರಿಲ್ಲ. ಮಾರನೆಯ ದಿನ ಪೂಜೆ ಮುಗಿಸಿ ಫೋನ್ ಮಾಡಿದ.

“ಅಕ್ಕಾ, ದೇವಿ ಮೂಗುತಿ ಇವತ್ತು ಕಂಡ್ತು.”

ಪೂಜೆ ಹಿಡಿದು ಮೂರು ವರ್ಷದ ಮೇಲೆ! ಆ ಮೂಗುತಿಗೆ ದಿನಾ ಕುಂಕುಮ ಮೆತ್ತಿ ಮುಚ್ಚಿಬಿಡುತ್ತಿದ್ದನಂತೆ. ಕೇಳಿ ನನಗೆ ಅಳು ಬಂತು. ಅವತ್ತು ಅಂಗಡಿಗೆ ಬಂದವರಿಗೆಲ್ಲ ನಾನು ಆ ಸುದ್ದಿಯನ್ನು ಹೇಳಿದ್ದೇ ಹೇಳಿದ್ದು.

ಆದರೆ ನಾನು ಒಂದು ವಿಷಯ ಯೋಚಿಸಿರಲಿಲ್ಲ. ಅದೇ ಮನೆಯಲ್ಲಿ ಹುಟ್ಟಿದವಳು, ಯೋಚಿಸಬೇಕಿತ್ತು. ತಮ್ಮ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಗುಡಿಗೆ ನಡೆದನೆಂದರೆ ಪೂಜೆ ಮುಗಿಯುವ ತನಕ ಮಡಿ. ನೀರಿನಲ್ಲಿ ತೊಳೆದು ಮಡಿ ಮಾಡಿಕೊಳ್ಳುವ ಕನ್ನಡಕ ಬಿಟ್ಟರೆ, ಪೇಟೆಯಿಂದ ಬಂದ ಸಾಮಾನು ಏನನ್ನೂ ಮುಟ್ಟುವಂತಿಲ್ಲ. ಲೆನ್ಸನ್ನು ಸ್ನಾನಕ್ಕೆ ಮೊದಲೇ ಹಾಕಿದರೆ ಕಣ್ಣಿಗೆ ನೀರು ಹೋಗುತ್ತದೆ, ಹಾಗೆ ಮಾಡಕೂಡದು ಎಂದು ನಾನೇ ಕಲಿಸಿದ್ದೆ. ಸ್ನಾನವಾದ ಮೇಲೆ ಹಾಕಲು ಹೋದರೆ ಪ್ಲಾಸ್ಟಿಕ್ ಡಬ್ಬಿ, ಸೊಲ್ಯೂಷನ್ ಬಾಟ್ಲಿ ಎರಡನ್ನೂ ಮುಟ್ಟಬೇಕು. ಕೆಲವು ದಿನ ಅವನು ಮುಟ್ಟಿ, ಮತ್ತೆ ಕತ್ತಿನ ಕೆಳಗೆ ನೀರು ಹಾಕಿಕೊಂಡು ಹೇಗೋ ಸುಧಾರಿಸಿದ. ಮನಸ್ಸಿಗೆ ಸಮಾಧಾನವಾಗಲಿಲ್ಲ. ಆಗ ನನಗೆ ಫೋನ್ ಮಾಡಿದ.

ಸಂಜೆಯ ಹೊತ್ತು. ಶಾಲೆಯೊಂದರ ಮಕ್ಕಳಿಗೆ ಕನ್ನಡಕ ಕೊಡುವ ದಿನ ಅದು, ಕೌಂಟರಿನ ಮುಂದೆ ಮಕ್ಕಳು, ತಾಯಂದಿರು, ಗಲಾಟೆ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಸ್ಕ್ರೂಡ್ರೈವರ್.

“ಅಕ್ಕಾ, ಈ ಬಾಟ್ಲಿ ಮಡಿಗೆ ಆಗ್ತಿಲ್ಲೆ. ಬೆಳ್ಳಿ ಬಟ್ಟಲಲ್ಲಿ ಬಾವಿ ನೀರು ತಗಂಡು ಅದ್ರಲ್ಲೇ ಇಟ್ಟು, ಅದ್ರಲ್ಲೇ ತೊಳೆದು ಹಾಕ್ಕಂಡ್ರೆ ಆಗ್ತಾ?”

ನನಗೆ ಉತ್ತರ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೆ ಇದ್ದಿದ್ದರೆ ನನಗೆ ಇಷ್ಟು ಕಾಟವಿರುತ್ತಿರಲಿಲ್ಲ. ಕೋರ್ಸಿನಲ್ಲಿ ಮೊದಲ ವಾರವೇ ಹೇಳಿಕೊಟ್ಟ ಪಾಠ. ಆದರೆ ಅವನು ಕೇಳಿದ್ದು ನಲ್ಲಿ ನೀರಿನ ಮಾತಲ್ಲ, ನಮ್ಮ ಬಾವಿಯದು. ಆ ಬಾವಿಯ ನೀರಿನ ರುಚಿ ಬೇರೆ ಎಲ್ಲೂ ಇಲ್ಲವೆಂದು ನಾನು ಸಾಗರದಲ್ಲಿ ಜಂಬ ಕೊಚ್ಚಿಕೊಂಡವಳು. ಅದನ್ನು ತೀರ್ಥವೆಂದು ಜನ ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಅದು ಕಣ್ಣಿಗೆ ಕೆಡುಕು ಮಾಡೀತು ಎಂದು ಹೇಳಲು ನಾಲಿಗೆ ಏಳಲಿಲ್ಲ.

“ಒಂದೆರಡು ದಿನ ಅಡ್ಡಿಲ್ಲೆ ಮಾರಾಯಾ. ಆ ನೀರು ಕುಡಿದೇ ನಾವು ಬೆಳದ್ದು ಅಲ್ದಾ?” ಎಂದೆ. ಫೋನ್ ಇಟ್ಟು ಒಂದು ಮಗುವಿನ ಕನ್ನಡಕದ ಕಾಲು ಸರಿಮಾಡಿದೆ.

ಇಷ್ಟೇ ಆದದ್ದು. ಒಂದೆರಡು ದಿನ ಎಂದದ್ದು ಅವನಿಗೆ ನೆನಪುಳಿಯಲಿಲ್ಲವೋ, ಅಡ್ಡಿಲ್ಲೆ ಎಂದದ್ದು ಮಾತ್ರ ಉಳಿಯಿತೋ, ಸುಮಾರು ಮೂರು ತಿಂಗಳು ಅವನ ಲೆನ್ಸ್ ಬೆಳ್ಳಿ ಬಟ್ಟಲಿನ ಬಾವಿ ನೀರಿನಲ್ಲಿ ಮಲಗಿತು. ನಾನೂ ಮತ್ತೆ ಕೇಳಲಿಲ್ಲ.

ಮೊದಲು ಕಣ್ಣಲ್ಲಿ ಮರಳು ಸಿಕ್ಕಿದಂತಾಯಿತಂತೆ. ಆಮೇಲೆ ಕೆಂಪು. ಯಾರೋ ನಂದಿಬಟ್ಟಲು ಹೂವಿನ ನೀರು ಬಿಡು ಎಂದರು, ಬಿಟ್ಟ. ಹತ್ತಿರದ ಡಾಕ್ಟರು ಕಣ್ಣು ಬೇನೆ ಎಂದು ಹನಿ ಕೊಟ್ಟರು, ಅದನ್ನೂ ಬಿಟ್ಟ. ಎಡಗಣ್ಣಿಗೆ ಏನೂ ಆಗಿರಲಿಲ್ಲ, ಅದರ ಲೆನ್ಸೂ ಅದೇ ನೀರು ಕುಡಿದದ್ದೇ. ಯಾಕೆ ಹೀಗೆ ಎಂದು ಇವತ್ತಿಗೂ ನನಗೆ ತಿಳಿಯದು. ನನಗೆ ತಿಳಿಸಿದರೆ ಗಾಬರಿಯಾಗುತ್ತೇನೆಂದು ಅವನು ಇದೇನನ್ನೂ ಹೇಳಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಬಸ್ಸಿಳಿದು, ಬಲಗಣ್ಣಿಗೆ ಟವಲು ಒತ್ತಿಕೊಂಡು ಅಂಗಡಿಗೆ ಬಂದ. ಟವಲು ತೆಗೆ ಎಂದೆ. ಬೆಳಕು ಬಿದ್ದ ಕೂಡಲೇ ಅವನು ಕೂತಲ್ಲೇ ಮುದುಡಿಹೋದ. ದೊಡ್ಡ ಗಂಡಸು, ಪೆಟ್ಟು ತಿಂದ ಮಗುವಿನ ಹಾಗೆ ನರಳಿದ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ವೈರಸ್ ಇರಬಹುದೆಂದು ಎರಡು ವಾರ ಔಷಧಿ ನಡೆಯಿತು. ಇದು ಬೇರೆ ರೋಗಗಳ ವೇಷ ಹಾಕಿಕೊಂಡು ಬರುವ ಕಾಯಿಲೆ, ಅವರನ್ನು ದೂರಲಾರೆ. ನೋವು ಏರುತ್ತಲೇ ಹೋದಾಗ ಅವರೇ ಚೀಟಿ ಬರೆದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಗುಂಬೆಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಅವನು ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಕೂತಿದ್ದ. ಪ್ರತಿ ತಿರುವಿನಲ್ಲೂ ಬಿಸಿಲು ಕಿಟಕಿಯ ಬದಿ ಬದಲಿಸುತ್ತಿತ್ತು, ನಾನು ಸೆರಗನ್ನು ಆಚೆಯಿಂದೀಚೆಗೆ ಹಿಡಿಯುತ್ತಿದ್ದೆ.

ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಯಂತ್ರದಲ್ಲಿ ಕಣ್ಣು ನೋಡಿ, ನನಗೂ ತೋರಿಸಿದರು. ಕರಿಗುಡ್ಡೆಯ ಮೇಲೆ ಬೆಳ್ಳಗೆ ಒಂದು ಉಂಗುರ. ಲೆನ್ಸ್ ಇಡುವ ಡಬ್ಬಿ ತಂದಿದ್ದೀರಾ, ಪರೀಕ್ಷೆಗೆ ಬೇಕು ಎಂದರು. ತಮ್ಮ ಚೀಲಕ್ಕೆ ಕೈ ಹಾಕಿ ಬೆಳ್ಳಿ ಬಟ್ಟಲು ತೆಗೆದು ಮೇಜಿನ ಮೇಲಿಟ್ಟ.

ಡಾಕ್ಟರು ಅದನ್ನು ಎತ್ತಿ ನೋಡಿದರು. “ನೀರಲ್ಲಿ ಇಡ್ತಿದ್ರಾ?”

“ಹೌದು ಡಾಕ್ಟ್ರೇ, ಬಾವಿ ನೀರಲ್ಲಿ.”

“ನೀರು ಮುಟ್ಟಿಸಬಾರದು ಅಂತ ಯಾರೂ ಹೇಳಿರ್ಲಿಲ್ವಾ?”

ತಮ್ಮ ತಲೆ ಎತ್ತಲಿಲ್ಲ. “ಅಕ್ಕ ಹೇಳಿದ್ಲು. ಅವಳದ್ದೇ ಕನ್ನಡಕದ ಅಂಗಡಿ. ನೂರು ಸಲ ಹೇಳಿದ್ಲು. ನಾನೇ ಕೇಳ್ಲಿಲ್ಲ.”

ಡಾಕ್ಟರು ನನ್ನತ್ತ ತಿರುಗಿ, ಪಾಪ ಎಂಬಂತೆ ನೋಡಿದರು. ನಿಮ್ಮ ಬಾವಿಯ ನೀರು ಕೆಟ್ಟದ್ದೇನಲ್ಲ, ಕಣ್ಣಿಗೆ ಕಾಣದ ಒಂದು ಜೀವಿ ಬಾವಿ, ನಲ್ಲಿ, ಹೊಳೆ ಎಲ್ಲದರಲ್ಲೂ ಇರುತ್ತದೆ, ಕುಡಿದರೆ ಏನೂ ಮಾಡುವುದಿಲ್ಲ, ಲೆನ್ಸಿನ ಅಡಿ ಸೇರಿಕೊಂಡರೆ ಕಣ್ಣನ್ನು ತಿನ್ನುತ್ತದೆ, ಕುದಿಸಿ ಆರಿಸಿದ ನೀರೂ ಬೇಡ ಎಂದು ಬಿಡಿಸಿ ಹೇಳಿದರು. ಹೂಂ ಹೂಂ ಎಂದು ತಲೆಯಾಡಿಸಿದೆ. ಅವನು ಹೇಳಿದ್ದು ಸುಳ್ಳು, ಅವನಿಗೆ ಒಪ್ಪಿಗೆ ಕೊಟ್ಟವಳು ನಾನು ಎನ್ನಲು ಬಾಯಿ ತೆರೆಯಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಮೊದಲು, ಥೂ, ಬಚಾವಾದೆ ಎನಿಸಿತು. ಆ ಅನಿಸಿಕೆಯನ್ನು ನನಗೆ ಇನ್ನೂ ತೊಳೆದುಕೊಳ್ಳಲಾಗಿಲ್ಲ.

ಮೊದಲ ದಿನಗಳಲ್ಲಿ ಗಂಟೆಗೊಂದು ಹನಿ, ಹಗಲೂ ರಾತ್ರಿಯೂ. ಆಮೇಲೆ ಎರಡು ಗಂಟೆಗೆ, ನಾಲ್ಕಕ್ಕೆ. ಏಳೆಂಟು ತಿಂಗಳು ಅವನು ಸಾಗರದ ನಮ್ಮ ಮನೆಯಲ್ಲೇ ಇದ್ದ. ಕೋಣೆಯ ಕಿಟಕಿಗೆ ಎರಡು ಪದರ ಕಂಬಳಿ ಕಟ್ಟಿದ್ದೆ. ಹನಿ ಬಿಡಲು ನಾನು ಬಗ್ಗಿದಾಗ ಅವನ ಎಡಗಣ್ಣು ನನ್ನನ್ನೇ ನೋಡುತ್ತಿತ್ತು. ಆ ನೋಟದಲ್ಲಿ ಏನೂ ಇರಲಿಲ್ಲ, ಏನೂ ಇಲ್ಲದ್ದೇ ನನಗೆ ಹೆದರಿಕೆ. ಅವನಿಗೆ ಆ ಫೋನಿನ ಮಾತು ಮರೆತೇಹೋಗಿದೆಯೋ? ನೋವಿನಲ್ಲಿ ಮರೆಯುವುದುಂಟು. ಅಥವಾ ನೆನಪಿದ್ದೂ ನನ್ನನ್ನು ಕಾಯುತ್ತಿದ್ದಾನೋ? ಕೇಳಲು ಧೈರ್ಯವಿಲ್ಲ. ಫೋನಿನಲ್ಲಿ ಹಳೆಯ ಕರೆಗಳ ಪಟ್ಟಿ ಹುಡುಕಿದೆ, ಆ ಸಂಜೆಯ ಕರೆ ಅದರಲ್ಲಿ ಉಳಿದಿರಲಿಲ್ಲ. ಆ ಮಾತಿಗೆ ಸಾಕ್ಷಿ ನಾವಿಬ್ಬರೇ.

ನೋಡಲು ಬಂದ ನೆಂಟರಿಗೆಲ್ಲ ಅವನು ಅದೇ ಕಥೆ ಹೇಳುತ್ತಿದ್ದ. ಬರಬರುತ್ತಾ ಅದು ಬೆಳೆಯಿತು. ಅಕ್ಕ ಚೀಟಿಯಲ್ಲಿ ಬರೆದು ಕೊಟ್ಟಿದ್ದಳು, ನಾನು ಓದಲಿಲ್ಲ ಎಂದ ಒಮ್ಮೆ. ನೆಂಟರು ನನ್ನನ್ನು ಹೊಗಳುತ್ತಿದ್ದರು: ಇಂಥ ಅಕ್ಕ ಯಾರಿಗಿದ್ದಾಳೆ, ತಾಯಿಯ ಹಾಗೆ ನೋಡಿಕೊಳ್ಳುತ್ತಾಳೆ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಅಪ್ಪಯ್ಯ ಬಂದವರು ಮಾತ್ರ ಗೋಡೆಗೊರಗಿ ಕೂತು, “ಎನ್ನ ಹತ್ರ ಒಂದು ಮಾತು ಕೇಳಿದ್ರೆ ಆಗಿತ್ತು. ಕಣ್ಣಿಗಿಂತ ದೊಡ್ಡ ಮಡಿ ಎಂತ ಇದ್ದು?” ಎಂದರು. ಯಾರೂ ಕೇಳಿರಲಿಲ್ಲ. ನಾನೂ ಅವತ್ತು ಅಪ್ಪಯ್ಯನನ್ನು ಕೇಳು ಎಂದಿದ್ದರೆ, ದಿನಕ್ಕೊಂದರಂತೆ ಹಾಕಿ ಎಸೆಯುವ ಲೆನ್ಸ್ ಕಳಿಸುತ್ತೇನೆ ತಡಿ ಎಂದಿದ್ದರೆ ಆಗುತ್ತಿತ್ತು. ಇಂಥ ಆಗುತ್ತಿತ್ತುಗಳು ನನ್ನಲ್ಲಿ ರಾಶಿ ಬಿದ್ದಿವೆ.

ಅವನು ಗುಣವಾಗಿ ಊರಿಗೆ ಹೋದ ಮೇಲೂ ಕಾಟ ಹೋಗಲಿಲ್ಲ. ಮೇಜಿನ ಮೇಲೆ ಲೋಟ ಇಟ್ಟೆತ್ತಿದರೆ ಉಳಿಯುವ ಒದ್ದೆ ಉಂಗುರ ಕಂಡರೆ ತಕ್ಷಣ ಒರೆಸುತ್ತೇನೆ, ಮನೆಯವರು ಗೇಲಿ ಮಾಡುತ್ತಾರೆ. ಹನಿಗೆಂದು ಇಟ್ಟಿದ್ದ ಅಲಾರಾಂ ಸದ್ದು ಬೇರೆಯವರ ಫೋನಿನಲ್ಲಿ ಕೇಳಿದರೂ ಕೈ ಬಾಟ್ಲಿ ಹುಡುಕುತ್ತದೆ. ಅಂಗಡಿಗೆ ಬಂದವರು ಯಾರಾದರೂ, ಒಂದಿನ ನೀರಲ್ಲಿ ಇಟ್ರೆ ಆಗುತ್ತಾ ಮೇಡಂ ಎಂದರೆ ಅವರ ಬಾಯಿಂದ ಬರುವುದು ತಮ್ಮನ ಧ್ವನಿ. ನಮ್ಮ ಕಡೆ ಎಲ್ಲರೂ ದಿನಕ್ಕೆ ಐವತ್ತು ಸಲ ಅನ್ನುವ ಅಡ್ಡಿಲ್ಲೆ ಎಂಬ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ಪರವಾಗಿಲ್ಲ ಎನ್ನುತ್ತೇನೆ, ಹೊರಗಿನವಳ ಹಾಗೆ.

ಕಣ್ಣು ತಿಂದ ಹುಳ ಸತ್ತಿತು, ಕಲೆ ಉಳಿಯಿತು. ಆ ಕಣ್ಣಿಗೆ ಬೆಳಕು ತಿಳಿಯುತ್ತದೆ, ಮುಂದೆ ಆಡಿಸಿದ ಕೈ ತಿಳಿಯುತ್ತದೆ, ಬೇರೇನಿಲ್ಲ. ಕಣ್ಣು ಪೂರ್ತಿ ತಣ್ಣಗಾದ ಮೇಲೆ, ತೀರಿಹೋದ ಯಾರಾದರೂ ದಾನ ಮಾಡಿದ ಕರಿಗುಡ್ಡೆಯ ಪದರವನ್ನು ಹೊಲಿಯಬಹುದು, ನೋಡೋಣ ಎಂದಿದ್ದಾರೆ ಡಾಕ್ಟರು. ಖಾತ್ರಿ ಕೊಟ್ಟಿಲ್ಲ. ಅವನು ಹಳೆಯ ದಪ್ಪ ಕನ್ನಡಕ ಹಾಕಿಕೊಂಡು ಪೂಜೆಗೆ ನಿಂತ.

ಹೋದ ತಿಂಗಳು ತವರಿಗೆ ಹೋಗಿದ್ದೆ. ಹೇಳಿಬಿಡಬೇಕೆಂದೇ ಹೊರಟಿದ್ದೆ. ಹೊಸನಗರದಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡಲೇ ಎಂದು ಎರಡು ಸಲ ಅನಿಸಿತು. ತಲುಪುವ ಹೊತ್ತಿಗೆ ಪೂಜೆ ಮುಗಿದಿತ್ತು. ತಮ್ಮ ಇನ್ನೂ ಮಡಿಯಲ್ಲೇ ಬಾವಿಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದ. ನಾನು ಬಸ್ಸಿನಿಂದ ಬಂದವಳು, ಮೂರು ಮಾರು ದೂರವೇ ನಿಂತೆ.

“ತಮಾ, ನೀ ಅವತ್ತು ಫೋನ್ ಮಾಡಿ ಕೇಳಿದ್ದೆ. ನಾ ಅಡ್ಡಿಲ್ಲೆ ಹೇಳಿದ್ದಿ. ನಿಂಗೆ ನೆನಪಿದ್ದಾ?”

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. “ನೆನಪಿದ್ದು.”

“ಮತ್ತೆ ಎಂತಕ್ಕೆ ಎಲ್ಲರ ಹತ್ರ ಸುಳ್ಳು ಹೇಳ್ತೆ?”

“ಸುಳ್ಳು ಎಂತದು? ಬೇರೆ ಯಾರಾದ್ರೂ ಕೇಳಿದ್ರೆ ನೀ ಬ್ಯಾಡ ಹೇಳ್ತಿದ್ದೆ. ಕೇಳಿದ್ದು ನಾನಾದ್ದಕ್ಕೆ ನೀ ಹೂಂ ಹೇಳ್ದೆ. ನಂಗೂ ಅದು ಗೊತ್ತಿತ್ತು. ಅದ್ಕೇ ಡಾಕ್ಟ್ರಿಗೆ ಮಾಡದೇ ನಿಂಗೆ ಫೋನ್ ಮಾಡಿದ್ದು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಿರಾಕಿಗಳಿಗೆ ನಾನು ಕೊಡುವ ಗಟ್ಟಿ ಮಾತು ನನ್ನ ತಮ್ಮನಿಗೆ ಸಿಗಲಿಲ್ಲ, ಅವನ ಮೇಲೆ ನನಗೆ ಪ್ರೀತಿಯಿದ್ದದ್ದಕ್ಕೆ ಸಿಗಲಿಲ್ಲ. ಅದು ಅವನಿಗೆ ಆಗಲೇ ಗೊತ್ತಿತ್ತು. ನಾನು ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅವನು ಮಡಿಯಲ್ಲಿದ್ದುದರಿಂದ ಹತ್ತಿರ ಬರುವಂತಿರಲಿಲ್ಲ.

ನನ್ನ ಅಳು ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಹೇಳಿದ: “ಒಂದು ಕೆಲಸ ಮಾಡ್ತ್ಯಾ ಅಕ್ಕಾ? ಒಂದೇ ಕಣ್ಣಲ್ಲಿ ಹತ್ರ ದೂರ ಸಮ ತಿಳೀತಿಲ್ಲೆ. ಬಾಗಿಲ ಹೊರಗೆ ನಿಂತು ನೋಡು, ಮಾಲೆ ಸರಿಯಾಗಿ ಕೂತಿದ್ದಾ ಹೇಳು.”

ಗುಡಿಯ ಬಾಗಿಲಲ್ಲಿ ನಿಂತು ನೋಡಿದೆ. ಮಾಲೆ ದೇವಿಯ ಎಡಭುಜದಿಂದ ಪೂರ್ತಿ ಜಾರಿ ತೋಳಿಗೆ ಸಿಕ್ಕಿಕೊಂಡಿತ್ತು. ಸರಿಯಿದೆ ಎನ್ನುವುದು ಸುಲಭವಿತ್ತು. ಇಲ್ಲವೆಂದರೆ ಅವನು ಒಳಗೆ ಹೋಗಬೇಕು. ಒಮ್ಮೆ ಹೊರಗೆ ಬಂದು ಕೂತವನು ಹಾಗೆಯೇ ಒಳಗೆ ಹೋಗುವವನಲ್ಲ, ಕನ್ನಡಕ ತೆಗೆದಿಟ್ಟು, ಮತ್ತೆ ತಲೆಗೆ ನೀರು ಹಾಕಿಕೊಂಡೇ ಹೋಗುವವನು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ ಅವನಿಗೆ. ಸರಿಯಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಇಲ್ಲೆ ತಮಾ. ಎಡಗಡೆ ಜಾರಿದ್ದು,” ಎಂದೆ.

ಅವನು ಎದ್ದ. ಕನ್ನಡಕ ತೆಗೆದು ಕಟ್ಟೆಯ ಮೇಲಿಟ್ಟ. ಕೊಡಪಾನ ಇಳಿಬಿಟ್ಟು ನೀರು ಸೇದಿ, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ.

“ಕಣ್ಣು ಮುಚ್ಕ,” ಎಂದು ಕೂಗಿದೆ.

ಕೊಡಪಾನ ಹಾಗೇ ಎತ್ತಿ ಹಿಡಿದು, ನಾನಿದ್ದ ಕಡೆ ಅಂದಾಜಿನಲ್ಲಿ ಮುಖ ತಿರುಗಿಸಿ ನಕ್ಕ. “ಒಂದು ಸಾಕಾ ಅಕ್ಕಾ, ಎರಡೂವಾ?”

“ಎರಡೂ,” ಎಂದೆ.